ಭಾವನ ಪಾಲಿನ ಕೊನೆಯರ್ಧ

ನಮ್ಮ ಭಾವನಿಗೆ ಯಾವ ಕಥೆಯನ್ನೂ ಮೊದಲಿನಿಂದ ಓದಿ ಅಭ್ಯಾಸವಿರಲಿಲ್ಲ. ಅದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ, ಅಕ್ಕನನ್ನು ಮದುವೆಯಾದ ಮೇಲೆ ಅಂಟಿಕೊಂಡ ಚಾಳಿ. ಅದನ್ನು ಹೇಳಬೇಕಾದರೆ ಅವರ ಕಸುಬಿನಿಂದಲೇ ಶುರುಮಾಡಬೇಕು.

ಭಾವ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮುದ್ರಣಾಲಯಗಳ ಬೀದಿಯಲ್ಲಿ, ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗವೇ ಅವರ ಅಂಗಡಿ. ಎತ್ತರದವರು ತಲೆ ತಗ್ಗಿಸಿ ಒಳಗೆ ಹೋಗಬೇಕು. ಭಾವ ಗಿಡ್ಡ, ಅವರಿಗೆ ಆ ತಾಪತ್ರಯವಿಲ್ಲ. ಒಂದು ಮರದ ಮೇಜು, ಪುಸ್ತಕಗಳನ್ನು ಒತ್ತಿಡುವ ತಿರುಪಿನ ಯಂತ್ರ, ಗೋಡೆಗೆ ಒರಗಿಸಿದ ರಟ್ಟುಗಳು, ಮೈದಾ ಅಂಟಿನ ಡಬ್ಬಿ, ದಾರದ ಉಂಡೆ, ಉದ್ದ ಸೂಜಿಗಳು. ಕೋರ್ಟಿನ ಕಡತ, ಕಾಲೇಜಿನ ಹಾಜರಿ ಪುಸ್ತಕ, ಲೈಬ್ರರಿಯಲ್ಲಿ ಬೆನ್ನು ಮುರಿದುಕೊಂಡ ಕಾದಂಬರಿ, ಎಲ್ಲವೂ ಅವರ ಕೈಗೆ ಬರುತ್ತಿದ್ದವು. ಪುಟದ ಮೂಲೆ ಮಡಚುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ನಾನು ವಾರಪತ್ರಿಕೆಯೊಂದನ್ನು ಹಿಂದಕ್ಕೆ ಮಡಚಿ ಹಿಡಿದು ಓದುತ್ತಿದ್ದಾಗ, "ನಿನ್ನ ಕತ್ತು ಹೀಗೆ ಹಿಂದಕ್ಕೆ ತಿರುವಿದ್ರೆ ಸುಮ್ನಿರ್ತೀಯಾ?" ಎಂದು ಕೇಳಿದ್ದರು. ವಾರಪತ್ರಿಕೆಗೂ ನೋವಾಗುತ್ತದೆಂದು ನನಗೆ ತಿಳಿದದ್ದು ಅಂದೇ.

ಅಕ್ಕ ಟೆಲಿಫೋನ್ ಆಪರೇಟರ್ ಆಗಿದ್ದಳು. ದೊಡ್ಡ ಕಚೇರಿಯೊಂದರ ಕೆಳ ಅಂತಸ್ತಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಇಡೀ ದಿನ ಅವರನ್ನು ಇವರಿಗೆ, ಇವರನ್ನು ಅವರಿಗೆ ಜೋಡಿಸುವ ಕೆಲಸ. "ಹಲೋ ಅಂದ್ರೆ ಸಾಕು ಕಣೇ, ಹೊಟ್ಟೆಗೆ ತಿಂದು ಬಂದಿದ್ದಾರೋ, ಹೆಂಡತಿ ಹತ್ರ ಬೈಸ್ಕೊಂಡು ಬಂದಿದ್ದಾರೋ ಹೇಳ್ಬಿಡ್ತೀನಿ" ಎನ್ನುತ್ತಿದ್ದಳು. ಜಂಬವಲ್ಲ, ನಿಜ. ನನಗೆ ಜ್ವರ ಬರುತ್ತಿದೆಯೆಂದು ನನಗೇ ಗೊತ್ತಾಗುವ ಮುಂಚೆ, ನಾನು ಮಹಡಿಯಿಂದ ಕೂಗಿದ ದನಿ ಕೇಳಿ ಮಾತ್ರೆ ಹಿಡಿದು ಮೇಲೆ ಬಂದವಳು ಅವಳು.

ನಾನು ಅವಳ ತಂಗಿ, ಅವರ ಮನೆಯ ಮಹಡಿಯ ಕೋಣೆಯವಳು. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆ ಎಂದು ಕೇಳುವವರಿಗೆ ಹೇಳುವಷ್ಟು ತಾಳ್ಮೆ ನನಗಿಲ್ಲ. ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತು ಲೋಕದವರನ್ನೆಲ್ಲ ಊರೂರಿಗೆ ಕಳಿಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಊರುಗಳ ಹೆಸರು ಕೇಳಿ ಕೇಳಿ, ಯಾವ ಊರನ್ನೂ ನೋಡುವ ಆಸೆ ನನಗೆ ಉಳಿದಿಲ್ಲ. ಅಕ್ಕ ಭಾವ ಮಾತ್ರ ಅದಕ್ಕೆ ಪೂರಾ ಉಲ್ಟಾ. ಅವರಿಗೆ ಮಕ್ಕಳಿರಲಿಲ್ಲ. ಎರಡು ರಜೆ ಒಟ್ಟಿಗೆ ಬಂದವೆಂದರೆ ಸಾಕು, ಅಕ್ಕ ನನ್ನ ಕಿಟಕಿಯ ಮುಂದೆ ಹಾಜರ್. "ಎಲ್ಲಿಗೆ?" ಎಂದರೆ, "ಎಲ್ಲಿಗಾದ್ರೂ ಕೊಡೇ. ಹಗಲು ರೈಲು ಇರ್ಲಿ, ಕಿಟಕಿ ಪಕ್ಕ ಎದುರುಬದುರು ಸೀಟು ಇರ್ಲಿ, ಅಷ್ಟೇ." ಹಿಂದೆ ನಿಂತವರು ಗೊಣಗುತ್ತಿದ್ದರು. ನಾನೂ ಗೊಣಗುತ್ತಲೇ ಟಿಕೆಟ್ ಹರಿದುಕೊಡುತ್ತಿದ್ದೆ.

ರೈಲಿನಲ್ಲಿ ಅವರು ಮಾಡುತ್ತಿದ್ದುದು ಓದುವುದು. ರದ್ದಿ ಅಂಗಡಿಯಲ್ಲಿ ಆರಿಸಿ ತಂದ ದಪ್ಪ ಕಾದಂಬರಿ. ಪುಸ್ತಕ ಒಂದು, ಓದುವವರು ಇಬ್ಬರು, ಕಾಯುವ ಸಹನೆ ಇಬ್ಬರಿಗೂ ಇಲ್ಲ. ಮದುವೆಯಾದ ಹೊಸದರಲ್ಲಿ ಹೀಗೇ ಒಂದು ಪುಸ್ತಕಕ್ಕೆ ಕಿತ್ತಾಡಿಕೊಂಡ ಮೇಲೆ ಭಾವ ಒಂದು ಉಪಾಯ ಮಾಡಿದರು. ಅಚ್ಚಾದ ಪುಸ್ತಕವೆಂದರೆ ಮಡಚಿದ ಹಾಳೆಗಳ ಕಂತೆಗಳನ್ನು ಒಂದರ ಬೆನ್ನಿಗೊಂದು ಹೊಲಿದದ್ದು. ಆ ಒಂದೊಂದು ಕಂತೆಗೆ ಕಸುಬಿನವರು ಫಾರಂ ಎನ್ನುತ್ತಾರೆ. ಭಾವ ಹಳೆಯ ಹೊಲಿಗೆ ಬಿಚ್ಚಿ, ಫಾರಂಗಳನ್ನು ಸರಿಯಾಗಿ ಎರಡು ಪಾಲು ಮಾಡಿ, ಎರಡಕ್ಕೂ ಬೇರೆ ಬೇರೆ ರಟ್ಟು ಕಟ್ಟಿದರು. ಮೊದಲರ್ಧ ಅಕ್ಕನಿಗೆ, ಕೊನೆಯರ್ಧ ಅವರಿಗೆ. ಹಿಂದಿರುಗುವ ರೈಲಿನಲ್ಲಿ ಅದಲುಬದಲು. ಅಂದಿನಿಂದ ಅದೇ ಪದ್ಧತಿಯಾಯಿತು.

ಹೀಗಾಗಿ ಹೋಗುವ ದಾರಿಯಲ್ಲಿ ಅಕ್ಕನಿಗೆ ಮುಂದೇನಾಗುತ್ತದೆ ಗೊತ್ತಿಲ್ಲ, ಭಾವನಿಗೆ ಹಿಂದೇನಾಗಿದೆ ಗೊತ್ತಿಲ್ಲ. ಭಾವ ತಲೆ ಎತ್ತಿ, "ಇವನ್ಯಾಕೆ ತಮ್ಮನ ಮನೆ ಬಾಗಿಲಿಗೂ ಹೋಗಲ್ಲ ಅಂತಾನೆ?" ಎಂದು ಕೇಳುವರು. ಅಕ್ಕ, "ಹೇಳಲ್ಲ. ನೀವು ಹೇಳಿ, ಆ ಹುಡುಗಿ ಯಾರನ್ನ ಮದುವೆಯಾಗ್ತಾಳೆ?" "ಹೇಳಲ್ಲ." ಹೇಳಬಾರದೆಂಬುದೇ ಒಪ್ಪಂದ. ಆದರೆ ಅಕ್ಕನಿಂದ ಮುಚ್ಚಿಡುವುದು ಭಾವನಿಗೆ ಸಾಧ್ಯವೇ? ಅವರು "ಹೇಳಲ್ಲ" ಎಂದ ದನಿಯಲ್ಲೇ ಅವಳಿಗೆ ಅರ್ಧ ತಿಳಿದುಬಿಡುತ್ತಿತ್ತು. "ಓ, ಸಾಯ್ತಾನಾ ಪಾಪ" ಎನ್ನುವಳು. ಭಾವ ಪುಸ್ತಕದಲ್ಲಿ ಮುಖ ಹುದುಗಿಸುವರು.

"ಇದೆಂಥ ಓದು ಭಾವ, ಬಾಲ ಹಿಡ್ಕೊಂಡು?" ಎಂದು ನಾನು ಎಷ್ಟೋ ಸಲ ಛೇಡಿಸಿದ್ದೇನೆ. ಅವರು ಕೊಡುತ್ತಿದ್ದ ಉತ್ತರ ಒಂದೇ. "ಮನುಷ್ಯರನ್ನ ಯಾರನ್ನಾದ್ರೂ ಮೊದಲಿಂದ ಓದಿದೀಯೇನಮ್ಮ? ನಿಮ್ಮಕ್ಕ ನನಗೆ ಸಿಕ್ಕಿದಾಗ ಆಗಲೇ ಮುಕ್ಕಾಲು ಆಗಿದ್ಳು. ಮಧ್ಯದಿಂದ ಹಿಡ್ಕೊಂಡು ಅರ್ಥ ಮಾಡ್ಕೊಳ್ಳೋದೇ ನಮ್ಮ ಹಣೆಬರಹ." ಇದನ್ನು ಹೇಳುವಾಗ ತಾವೇನೋ ದೊಡ್ಡ ಮಾತು ಹೇಳಿದೆವೆಂಬಂತೆ ಅಕ್ಕನ ಕಡೆ ನೋಡುವರು. ಅಕ್ಕ, "ಮುಕ್ಕಾಲು ಅಂತೆ! ಆಗ ನನಗೆಷ್ಟು ವಯಸ್ಸು ಮಹಾ" ಎಂದು ಸಿಡುಕುವಳು.

ಕೊನೆಕೊನೆಗೆ ರೈಲಿನಲ್ಲಿ ಪುಸ್ತಕ ಹಿಡಿದವರು ಅವರಿಬ್ಬರೇ ಆದರು. ಉಳಿದವರೆಲ್ಲ ಕತ್ತು ಬಗ್ಗಿಸಿ ಫೋನಿನೊಳಗೆ. ಜಲಪಾತ ಬಂದರೆ ಎದ್ದು ಅದಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆದುಕೊಂಡು ಮತ್ತೆ ಕೂರುತ್ತಾರೆ ಎಂದು ಭಾವ ದೂರುತ್ತಿದ್ದರು. ಅಕ್ಕ ಹಾಗೆ ದೂರುವವಳಲ್ಲ, ಆದರೆ ಅವಳಿಗೊಂದು ಯೋಚನೆಯಿತ್ತು. "ಮೊದಲು ಲೈನ್ ಸಿಗೋಕೆ ಜನ ಕಾಯ್ತಿದ್ರು. ಕಾಯೋವಾಗ ಏನು ಹೇಳ್ಬೇಕು ಅಂತ ಯೋಚ್ನೆ ಮಾಡ್ಕೊಂಡಿರ್ತಿದ್ರು. ಈಗ ಲೈನ್ ಯಾವಾಗ್ಲೂ ಇದೆ, ಹೇಳೋಕೇನಿಲ್ಲ." ಅವಳ ಕಚೇರಿಯಲ್ಲೂ ಅಷ್ಟರಲ್ಲಿ ಯಂತ್ರ ಬಂದಿತ್ತು, ಇಂಥ ವಿಭಾಗಕ್ಕೆ ಒಂದನ್ನು ಒತ್ತಿ, ಇಂಥದಕ್ಕೆ ಎರಡನ್ನು ಒತ್ತಿ ಎನ್ನುವ ಧ್ವನಿ. ಅಕ್ಕನನ್ನು ಕಡತಗಳ ಕೋಣೆಗೆ ಹಾಕಿದರು. "ನನ್ನ ಜಾಗಕ್ಕೆ ಬಂದವಳಿಗೆ ಯಾವತ್ತೂ ನೆಗಡಿ ಆಗಲ್ಲ ನೋಡು, ಪುಣ್ಯವಂತೆ" ಎಂದು ನಗುತ್ತಿದ್ದಳು. ನಿವೃತ್ತಿಯಾದ ಮೇಲೂ ಸುಮ್ಮಸುಮ್ಮನೆ ಆ ನಂಬರಿಗೆ ಫೋನ್ ಮಾಡಿ, ಆ ಧ್ವನಿ ಕೇಳಿ ಇಟ್ಟುಬಿಡುವುದನ್ನು ನಾನು ಕಂಡಿದ್ದೇನೆ.

ನಿವೃತ್ತಿಯಾದ ಮೇಲೆ ಬೇಕಾದಷ್ಟು ತಿರುಗಬಹುದು ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ಅದೇ ವರ್ಷ ಅಕ್ಕನಿಗೆ ಊಟ ಸೇರದಾಯಿತು. ಮೊದಲು ಹೊಟ್ಟೆ ಉಬ್ಬರ ಎಂದಳು, ಆಮೇಲೆ ಬೆನ್ನು ನೋವು ಎಂದಳು. ಬಟ್ಟೆಗಳು ಸಡಿಲವಾದವು. ಕಣ್ಣು ಹಳದಿಯಾದ ದಿನ ನಾನೇ ದಬಾಯಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಭಾವನನ್ನೂ ನನ್ನನ್ನೂ ಒಳಗೆ ಕರೆದರು. ಅಕ್ಕ ಹೊರಗೆ ಬೆಂಚಿನ ಮೇಲೆ ಒರಗಿ ಕೂತಿದ್ದಳು, ಸೂಜಿಯ ಮಂಪರಿನಲ್ಲಿ.

ಹೊಟ್ಟೆಯೊಳಗಿನ ಗಡ್ಡೆ ಲಿವರಿಗೂ ಹಬ್ಬಿದೆ, ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಔಷಧಿ ಹಾಕಿದರೆ ಒಂದಿಷ್ಟು ವಾರ ಹೆಚ್ಚು ಸಿಗಬಹುದು, ಆದರೆ ಆ ವಾರಗಳೆಲ್ಲ ಆಸ್ಪತ್ರೆಯ ಮಂಚದಲ್ಲೇ ಹೋಗುತ್ತವೆ. ಇಲ್ಲವೆಂದರೆ ನೋವಿಗೆ ಮಾತ್ರ ಔಷಧಿ ಕೊಡುತ್ತೇವೆ, ಮನೆಯಲ್ಲಿರಲಿ. "ಅವರಿಗೇ ಕೇಳಿ ತೀರ್ಮಾನ ಮಾಡೋಣ. ನಾನು ಹೇಳ್ಲಾ?" ಎಂದರು ಡಾಕ್ಟರಮ್ಮ. ಭಾವ ಮೇಜಿನ ಅಂಚು ಹಿಡಿದುಕೊಂಡು, "ಬೇಡಮ್ಮ, ನಾನೇ ಹೇಳ್ತೀನಿ" ಎಂದರು.

ಅವರು ಹೇಳಲಿಲ್ಲ. ಹೊರಗೆ ಬಂದು ಅಕ್ಕನ ಪಕ್ಕ ಕೂತು, "ಹುಣ್ಣಂತೆ. ವಾಸಿಯಾಗುತ್ತೆ, ಟೈಮ್ ಹಿಡಿಯುತ್ತೆ" ಎಂದರು. ನಾನು ಅಲ್ಲೇ ಬಾಯಿ ಬಿಡಬೇಕೆಂದಿದ್ದೆ. ಭಾವ ನನ್ನ ಕಡೆ ತಿರುಗಿದ ನೋಟ ನೋಡಿ ನಾಲಿಗೆ ಏಳಲಿಲ್ಲ. ಮರುದಿನ ಅಂಗಡಿಗೆ ಹೋಗಿ ಜಗಳ ಮಾಡಿದೆ.

"ಅವಳ ವಿಷಯ ಅವಳಿಗೆ ಗೊತ್ತಾಗ್ಬೇಡ್ವಾ ಭಾವ? ಅವಳೇನು ಚಿಕ್ಕ ಮಗುವಾ?"

"ಗೊತ್ತಾದ್ರೆ ಏನು ಮಾಡ್ತಾಳೆ? ದಿನಾ ಅದನ್ನೇ ಕೂತು ನೋಡ್ತಾಳೆ. ನಗ್ತಾ ಇದ್ದಾಳೆ, ನಗ್ಲಿ."

"ನಾನು ಹೇಳ್ಬಿಡ್ತೀನಿ."

ಭಾವ ಸೂಜಿ ಕೆಳಗಿಟ್ಟರು. "ಒಂದೇ ಒಂದು ಸಲ ಅವಳನ್ನ ಕಡಲು ನೋಡೋಕೆ ಕರ್ಕೊಂಡು ಹೋಗ್ತೀನಿ. ಎಷ್ಟು ಸಲ ಹೊರಟು ನಿಲ್ಲಿಸಿದೀವಿ. ಅಲ್ಲಿಂದ ಬಂದ್ಮೇಲೆ ನಾನೇ ಹೇಳ್ತೀನಿ. ಅಲ್ಲೀವರೆಗೆ ನಿನಗೆ ಕೈ ಮುಗೀತೀನಿ, ಸುಮ್ನಿರು." ಅವರ ಕಣ್ಣು ಕೆಂಪಾಗಿತ್ತು. ಅಷ್ಟು ವರ್ಷದಲ್ಲಿ ಅವರು ನನ್ನ ಮುಂದೆ ಕೈ ಮುಗಿದದ್ದು ಅದೇ ಮೊದಲು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನಿಲ್ದಾಣಕ್ಕೆ ಹೋಗಿ ಮೂವರಿಗೆ ಟಿಕೆಟ್ ತೆಗೆಸಿದೆ. ಅಕ್ಕನನ್ನು ಎತ್ತಿ ಕೂರಿಸಲು ಒಬ್ಬರು ಜೊತೆಗೆ ಬೇಕಿತ್ತು. ಅಕ್ಕನಿಗೆ ಹೇಳಿದ್ದು ಮಾತ್ರ, ನನಗೂ ಕಡಲು ನೋಡುವ ಆಸೆ ಎಂದು.

"ನಿನಗಾ?" ಎಂದು ಅಕ್ಕ ನನ್ನ ಮುಖವನ್ನೇ ನೋಡಿದಳು.

ಆ ಪ್ರಯಾಣಕ್ಕೆ ಭಾವ ಆರಿಸಿದ್ದು ಅಕ್ಕ ಎಷ್ಟೋ ಕಾಲದಿಂದ ಓದಬೇಕೆಂದಿದ್ದ ಒಂದು ಕಾದಂಬರಿ. ಹೊಳೆಯಲ್ಲಿ ದೋಣಿ ದಾಟಿಸುವ ಒಬ್ಬ ಹೆಂಗಸಿನ ಕಥೆ. ಈ ಸಲ ಅವರು ಅದನ್ನು ಎರಡು ಮಾಡಲಿಲ್ಲ. ನೀಲಿ ಬಟ್ಟೆಯ ರಟ್ಟು ಹಾಕಿ ಇಡಿಯಾಗಿ ಕಟ್ಟಿ ಅಕ್ಕನ ಕೈಗೆ ಕೊಟ್ಟರು.

"ನಿಮ್ಮ ಪಾಲೆಲ್ಲಿ?"

"ನನಗೆ ಕಣ್ಣುರಿ. ನೀನೇ ಪೂರ್ತಿ ಓದು."

ಅಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ರಟ್ಟಿನ ಮೇಲೆ ಕೈಯಾಡಿಸಿದಳು. ಆಮೇಲೆ ಮೊದಲ ಪುಟ ತೆಗೆದಳು. ಭಾವ ದಾರಿಯುದ್ದಕ್ಕೂ ಬರಿಗೈಯಲ್ಲಿ ಎದುರು ಸೀಟಿನಲ್ಲಿ ಕೂತಿದ್ದರು. ಕಿಟಕಿಯಾಚೆ ನೋಡುವುದು, ಅಕ್ಕನನ್ನು ನೋಡುವುದು, ಶಾಲು ಸರಿಮಾಡುವುದು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಡುವುದು. ಪುಸ್ತಕವಿಲ್ಲದ ಭಾವನ ಕೈಗಳು ಎಲ್ಲಿರಬೇಕೆಂದು ತಿಳಿಯದೆ ಮಂಡಿಯ ಮೇಲೆ ಹೊರಳಾಡುತ್ತಿದ್ದವು.

ಕಡಲ ಊರಿನಲ್ಲಿ ಒಂದು ಸಾಧಾರಣ ವಸತಿಗೃಹ. ಮಹಡಿಯಲ್ಲಿ ಕೋಣೆ, ಮುಂದೆ ಜಗಲಿ, ಜಗಲಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಿಂದಲೇ ನೀರು ಕಾಣುತ್ತಿತ್ತು. ಒಂದು ಸಂಜೆ ಭಾವ ಅಕ್ಕನ ತೋಳು ಹಿಡಿದು ಅಲೆಯವರೆಗೆ ನಡೆಸಿದರು. ಅವಳು ಪಾದ ನೆನೆಸಿಕೊಂಡು, "ತಣ್ಣಗಿದೆ, ನಡೀರಿ" ಎಂದಳು. ಅಷ್ಟೇ ಅವಳ ಕಡಲು. ಉಳಿದ ಹೊತ್ತೆಲ್ಲ ಜಗಲಿಯಲ್ಲಿ ಕೂತು ಓದಿದಳು. ಓದುವುದು, ದಣಿದು ಕಣ್ಣು ಮುಚ್ಚುವುದು, ಮತ್ತೆ ಓದುವುದು.

ಹೊರಡುವ ಹಿಂದಿನ ಮಧ್ಯಾಹ್ನ ಭಾವ ಔಷಧಿ ತರಲು ಪೇಟೆಗೆ ಹೋಗಿದ್ದರು. ನಾನು ಕೋಣೆಯೊಳಗೆ ಬಟ್ಟೆ ಮಡಚುತ್ತಿದ್ದೆ. ಅಕ್ಕ ಕರೆದಳು.

"ಬಾರೇ ಇಲ್ಲಿ. ಈ ಪುಸ್ತಕ ಮುಗೀತು. ಆದ್ರೆ ಇವಳು ಸಾಯ್ಲೇ ಇಲ್ಲ."

"ಒಳ್ಳೇದಾಯ್ತಲ್ಲ. ಬದುಕ್ಕೊಂಡ್ಳು."

"ಬದುಕೋ ಹಾಗಿಲ್ಲ ಕಣೇ. ಮೊದಲ್ನೇ ಸಾಲಲ್ಲೇ ಇದೆ ನೋಡು." ಅವಳು ಮೊದಲ ಪುಟ ತೆರೆದು ತೋರಿಸಿದಳು. ದೋಣಿಯವಳು ತೀರಿಕೊಂಡ ವರ್ಷವೇ ಹೊಳೆಗೆ ಸೇತುವೆ ಬಂತು ಎಂದು ಕಥೆ ಶುರುವಾಗಿತ್ತು. "ಪುಸ್ತಕ ಪೂರ್ತಿ ಕಾಯ್ತಾ ಬಂದೆ, ಯಾವಾಗ ಸಾಯ್ತಾಳೆ, ಹೇಗೆ ಸಾಯ್ತಾಳೆ ಅಂತ. ಸೇತುವೆ ಸುದ್ದಿನೂ ಇಲ್ಲ. ಮಳೇಲಿ ದೋಣಿ ದಡ ಸೇರ್ತು, ಮುಗೀತು ಅಂತೆ."

ಅವಳು ಪುಸ್ತಕದ ಕೊನೆಗೆ ಹೋದಳು. ಬೆರಳಿನಿಂದ ಹೊಲಿಗೆ ತಡವಿದಳು. ಕೊನೆಯ ಪುಟಕ್ಕೂ ರಟ್ಟಿಗೂ ನಡುವೆ ಹೊಸ ಬಿಳಿ ಹಾಳೆ, ಬೆನ್ನಿನೊಳಗೆ ಒಂದು ಫಾರಂ ಕೂರುವಷ್ಟು ಖಾಲಿ ಜಾಗ. ಮೂರು ದಶಕ ಅಂಟಿನ ವಾಸನೆಯ ಜೊತೆ ಬಾಳಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪುಟ ಮಡಚಿದರೆ ಜಗಳಕ್ಕೆ ಬರುವ ಮನುಷ್ಯ ಕೊನೆಯ ಫಾರಂ ಕಿತ್ತು ತೆಗೆದಿದ್ದರು. ದೋಣಿಯವಳು ಹಾಸಿಗೆ ಹಿಡಿದು ಸಾಯುವುದು ಅದರಲ್ಲಿತ್ತೆಂದು ಆಮೇಲೆ ತಿಳಿಯಿತು. ಕೊನೆಯನ್ನೇ ಮೊದಲು ಓದುವ ಭಾವನಿಗೆ, ಆ ಸಾವು ಮೊದಲ ಸಾಲಿನಲ್ಲೇ ಬಂದಿದೆಯೆಂದು ಗೊತ್ತಿರಲಿಲ್ಲ.

"ಕಿತ್ತಿದಾರೆ" ಎಂದಳು ಅಕ್ಕ. ದನಿಯಲ್ಲಿ ಏನೂ ಇರಲಿಲ್ಲ. "ಎಷ್ಟು ಪುಸ್ತಕದಲ್ಲಿ ಎಷ್ಟು ಜನ ಸತ್ತಿದಾರೆ. ಒಂದಿನ ಕಿತ್ತವರಲ್ಲ." ನನ್ನ ಕಡೆ ತಿರುಗಿದಳು. ನಾನು ಕಡಲು ನೋಡತೊಡಗಿದೆ. "ನೀನು ಯಾಕೆ ಬಂದೆ ಅಂತ ಆವತ್ತಿಂದ ಯೋಚ್ನೆ ಮಾಡ್ತಿದೀನಿ" ಎಂದಳು.

ಭಾವ ಔಷಧಿಯ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅಕ್ಕ ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು.

"ರೀ, ಇವಳು ಹೇಗೆ ಸತ್ಲು?"

ಭಾವ ನಿಂತಲ್ಲೇ ನಿಂತರು. ಏನಾದರೊಂದು ಹೇಳಲು ಬಾಯಿ ತೆರೆದರು, ದನಿ ಬರಲಿಲ್ಲ. ಬಾರದಿದ್ದುದನ್ನೂ ಅಕ್ಕ ಕೇಳಿಸಿಕೊಂಡಳು.

"ಹೋಗ್ಲಿ, ನನಗೇನಾಗಿದೆ ಹೇಳಿ. ಹುಣ್ಣಲ್ಲ ತಾನೇ?"

ಭಾವ ಜಗಲಿಯ ನೆಲದ ಮೇಲೆ ಕುಸಿದು ಕೂತರು. ಪೊಟ್ಟಣ ಕೈಯಲ್ಲೇ ಇತ್ತು. "ಹುಣ್ಣಲ್ಲ" ಎಂದರು.

"ಡಾಕ್ಟರು ಹೇಳಿದಾರಾ?"

"ಹೇಳಿದಾರೆ."

"ಏನೂ ಮಾಡೋ ಹಾಗಿಲ್ವಾ?"

"ಔಷಧಿ ಇದೆ ಅಂದ್ರು. ಆಸ್ಪತ್ರೇಲೇ ಇರ್ಬೇಕು. ಸ್ವಲ್ಪ ದಿನ ಮಾತ್ರ ಹೆಚ್ಚು. ನಾನು... ಬೇಡ ಅಂದೆ."

ಅಕ್ಕನ ಮುಖ ಬಿಳಿಚಿತು. ನಾನು ನನ್ನ ಅಕ್ಕನನ್ನು ಹಾಗೆ ನೋಡಿರಲಿಲ್ಲ. "ನೀವು ಬೇಡ ಅಂದ್ರಿ" ಎಂದಳು ನಿಧಾನವಾಗಿ. "ಹೊಟ್ಟೆ ನಂದು. ನೋವು ನಂದು. ಬೇಕೋ ಬೇಡ್ವೋ ಅನ್ನೋದು ಮಾತ್ರ ನಿಮ್ಮದಾ?" ಪುಸ್ತಕವನ್ನು ಅವರ ಕಡೆ ಎಸೆದಳು. ಎಸೆಯುವಷ್ಟು ಶಕ್ತಿ ಅವಳಲ್ಲಿರಲಿಲ್ಲ; ಅದು ಅವಳ ಪಾದದ ಹತ್ತಿರವೇ ಬಿತ್ತು, ಮಗುಚಿಕೊಂಡು, ಪುಟಗಳು ಮಡಚಿಕೊಂಡು. ಭಾವ ಅದನ್ನು ಎತ್ತಿಕೊಳ್ಳಲಿಲ್ಲ.

ಮರುದಿನದ ರೈಲಿನಲ್ಲಿ ಅಕ್ಕ ಅವರ ಜೊತೆ ಒಂದು ಮಾತೂ ಆಡಲಿಲ್ಲ. ನೀರು ಬೇಕಾದರೆ ನನ್ನನ್ನು ಕೇಳಿದಳು. ಭಾವ ಶಾಲು ಸರಿಮಾಡಲು ಬಂದರೆ ಭುಜ ಕೊಡವಿದಳು. ಮನೆಗೆ ಬಂದ ಮೇಲೂ ಅದೇ. ಭಾವ ಬೆಳಿಗ್ಗೆ ಗಂಜಿ ಕಾಯಿಸಿ ಮಂಚದ ಪಕ್ಕ ಇಟ್ಟು ಹೋಗುವರು, ನಾನು ಕೈಗೆ ಕೊಟ್ಟರೆ ಮಾತ್ರ ಅವಳು ಕುಡಿಯುವಳು. ಅವರು ಅಂಗಡಿ ಮುಚ್ಚಿ ಮನೆಯಲ್ಲೇ ಉಳಿದರು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸುಮ್ಮನೆ ಓಡಾಡುತ್ತಿದ್ದರು. ಇರುವ ದಿನಗಳೇ ಅಷ್ಟು, ಅದರಲ್ಲಿ ಇವಳು ಹೀಗೆ ಮುಖ ತಿರುಗಿಸಿ ಕಳೆಯುತ್ತಿದ್ದಾಳಲ್ಲ ಎಂದು ನನಗೆ ಸಂಕಟ ತಡೆಯಲಾಗಲಿಲ್ಲ. ಅವಳ ಹತ್ತಿರವೇ ಹೋದೆ.

"ಸಾಕು ಮಾಡೇ ಅಕ್ಕ. ಪ್ರೀತಿಯಿಂದ ಮಾಡಿದ್ದಲ್ವಾ?"

"ಪ್ರೀತಿ ಅಂತ ನನಗೂ ಗೊತ್ತು. ಅದಕ್ಕೇ ಇಷ್ಟು ಸಿಟ್ಟು. ಬೇರೆಯವರು ಮಾಡಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ." ಗೋಡೆಯ ಕಡೆ ಹೊರಳಿದಳು. "ಜೀವನಪೂರ್ತಿ ನನಗೆ ಅವರ ದನಿ ಮೇಲೆ ನಂಬಿಕೆ. ಆಸ್ಪತ್ರೇಲಿ ಹುಣ್ಣು ಅಂದ್ರು ನೋಡು, ಆಗ ಮಂಪರಲ್ಲಿದ್ದೆ, ಗೊತ್ತಾಗ್ಲಿಲ್ಲ. ನನಗೆ ಗೊತ್ತಾಗಲ್ಲ ಅಂತಲೇ ಆ ಹೊತ್ತಲ್ಲಿ ಹೇಳಿದ್ರು. ನಾನು ಅದನ್ನ ನುಂಗ್ಬೇಕಲ್ಲ. ಟೈಮ್ ಹಿಡಿಯುತ್ತೆ."

ಅವಳಿಗೆ ಎಷ್ಟು ಟೈಮ್ ಹಿಡಿಯಿತೋ ನಾನು ಎಣಿಸಲಿಲ್ಲ. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದಾಗ ಒಳಗಿನಿಂದ, "ರೀ" ಎಂದು ಕರೆದದ್ದು ಕೇಳಿಸಿತು. ಭಾವ ಅಡುಗೆಮನೆಯಿಂದ ಓಡಿದ ರಭಸಕ್ಕೆ ಪಾತ್ರೆಯೊಂದು ಉರುಳಿತು. ನಾನು ಚಪ್ಪಲಿ ಬಿಚ್ಚಿ ಒಳಗೆ ಹೋದೆ.

"ಕೂತ್ಕೊಳ್ಳಿ. ಡಾಕ್ಟರು ಏನಂದ್ರು ಹೇಳಿ. ಒಂದಕ್ಷರ ಬಿಡ್ಬೇಡಿ."

"ಒಂದೆರಡು ತಿಂಗಳು ಅಂತ..."

"ಕೊನೆಯಿಂದ ಬೇಡ. ಮೊದಲಿಂದ ಹೇಳಿ."

ಭಾವ ಮಂಚದ ಅಂಚಿನಲ್ಲಿ ಕೂತು ಮೊದಲಿಂದ ಹೇಳಿದರು. ಬಾಗಿಲು ತಳ್ಳಿ ಒಳಗೆ ಹೋದದ್ದು, ಡಾಕ್ಟರಮ್ಮ ಫ್ಯಾನ್ ಕಡಿಮೆ ಮಾಡಿದ್ದು, ಬೆಳಕಿನ ಪೆಟ್ಟಿಗೆಯ ಮೇಲೆ ಚಿತ್ರ ಇಟ್ಟು ಪೆನ್ನಿನಿಂದ ತೋರಿಸಿದ್ದು, ಅವರು ಆಡಿದ ಒಂದೊಂದು ಮಾತು, ತಾವು ಆಡಿದ್ದು, ಆಡದೆ ಉಳಿದದ್ದು. ಹೇಳುತ್ತ ಹೇಳುತ್ತ ಅಳತೊಡಗಿದರು. ಅಕ್ಕ ತಡೆಯಲಿಲ್ಲ, ನಡುನಡುವೆ ಪ್ರಶ್ನೆ ಕೇಳಿದಳು. ಎಲ್ಲ ಮುಗಿದ ಮೇಲೆ ಅವರ ಕೈ ಎಳೆದು ತನ್ನ ಕೆನ್ನೆಗೆ ಇಟ್ಟುಕೊಂಡಳು.

"ಆಸ್ಪತ್ರೆ ಬೇಡ. ನೀವು ಮಾಡಿದ್ದೇ ನಾನೂ ಮಾಡ್ತಿದ್ದೆ" ಎಂದಳು. "ಆದ್ರೆ ನಾನು ಮಾಡ್ತಿದ್ದೆ ಕಣ್ರೀ, ನಾನು." ಆಗ ಅವಳೂ ಅತ್ತಳು. ಆ ಮನೆಯಲ್ಲಿ ಅವತ್ತು ಮೂವರೂ ಮನಸಾರೆ ಅತ್ತೆವು. ನಾನು ಕೆಲಸಕ್ಕೆ ಹೋಗಲಿಲ್ಲ; ಲೋಕದವರು ಒಂದು ದಿನ ಎಲ್ಲಿದ್ದರೋ ಅಲ್ಲೇ ಇರಲಿ ಎನ್ನಿಸಿತು.

ಕಿತ್ತ ಫಾರಂ ಏನಾಯಿತೆಂದು ಅಕ್ಕ ಕೇಳಿದಳು. ಅಂಗಡಿಯಲ್ಲಿ ಅಂಟಿನ ಡಬ್ಬಿಯ ಕೆಳಗೆ ಹಾಸಿದ್ದೇನೆ ಎಂದರು ಭಾವ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ. ತಂದು ಓದಿ ಎಂದಳು. ಅಂಟು ಮೆತ್ತಿದ ಪುಟಗಳನ್ನು ಬಿಡಿಸಿ ಬಿಡಿಸಿ ಭಾವ ಗಟ್ಟಿಯಾಗಿ ಓದಿದರು. ದೋಣಿಯವಳು ಸಾಯುವ ಮುಂಚೆ ಪುಟಗಟ್ಟಲೆ ಮಾತಾಡುತ್ತಾಳೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದವಳು, "ಬರೆದೋನಿಗೆ ಏನೂ ಗೊತ್ತಿಲ್ಲ ಬಿಡಿ. ಸಾಯೋರಿಗೆ ಇಷ್ಟು ಮಾತಾಡೋಕೆ ಎಲ್ಲಿ ಉಸಿರಿರುತ್ತೆ" ಎಂದಳು. ಭಾವನಿಗೆ ನಗು ಬಂತು. ನಗಬಹುದೇ ಎಂದು ಅವಳ ಮುಖ ನೋಡಿದರು. ಅವಳೂ ನಗುತ್ತಿದ್ದಳು.

ಆಮೇಲಿನ ದಿನಗಳನ್ನು ಒಳ್ಳೆಯ ದಿನಗಳು ಎಂದು ನಾನು ಹೇಳಲಾರೆ. ನೋವಿತ್ತು, ವಾಂತಿಯಿತ್ತು, ಹಾಸಿಗೆ ಹುಣ್ಣಾಗದಂತೆ ಗಳಿಗೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಆದರೆ ಅವರಿಬ್ಬರ ನಡುವೆ ಮುಚ್ಚುಮರೆ ಇರಲಿಲ್ಲ. ಅಕ್ಕ ಕಟ್ಟುನಿಟ್ಟಾಗಿ ಹೇಳಿದ್ದಳು, "ಚೆನ್ನಾಗಿ ಕಾಣ್ತಿದೀಯ ಅನ್ನೋ ಮಾತು ನನ್ನ ಹತ್ರ ಆಡ್ಬೇಡಿ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡಿ." ಮನೆಗೆ ಬರುತ್ತಿದ್ದ ನರ್ಸಮ್ಮ ನಾಡಿ ನೋಡಿ, ಕಾಲು ಮುಟ್ಟಿ, ಹೊರಗೆ ಬಂದು ಭಾವನಿಗೆ ಏನು ಹೇಳುತ್ತಿದ್ದರೋ ಅದನ್ನು ಭಾವ ಒಳಗೆ ಹೋಗಿ ಹಾಗೇ ಹೇಳುತ್ತಿದ್ದರು. ಭಾವ ದಿನವಿಡೀ ತನ್ನನ್ನೇ ನೋಡುತ್ತ ಕೂರುವುದು ಅಕ್ಕನಿಗೆ ಇಷ್ಟವಿರಲಿಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು ಅಂಗಡಿಗೆ ಹೋಗಿ ಬನ್ನಿ ಎಂದು ಅವಳೇ ಅಟ್ಟುತ್ತಿದ್ದಳು. ಅವರು ಹೊರಗಿನ ಗಾಳಿ, ಬೀದಿಯ ಸುದ್ದಿ, ಅಂಟಿನ ವಾಸನೆ ಹೊತ್ತು ಬರಬೇಕು, ಅದು ಅವಳಿಗೆ ಬೇಕಿತ್ತು.

ಬರಬರುತ್ತ ಅಕ್ಕ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರತೊಡಗಿದಳು. ಒಂದು ಬೆಳಿಗ್ಗೆ ನರ್ಸಮ್ಮ ಬಂದು ಹೋದರು. ಬಾಗಿಲ ಹತ್ತಿರ ಭಾವನಿಗೆ ಮೆಲ್ಲಗೆ, "ಇವತ್ತು ದಾಟೋದು ಕಷ್ಟ, ಎಲ್ಲೂ ಹೋಗ್ಬೇಡಿ" ಎಂದದ್ದು ನನಗೂ ಕೇಳಿಸಿತು. ಭಾವ ಸ್ವಲ್ಪ ಹೊತ್ತು ಚೌಕಟ್ಟು ಹಿಡಿದು ನಿಂತಿದ್ದರು. ಆಮೇಲೆ ಒಳಗೆ ಬಂದು ಮಂಚದ ಪಕ್ಕ ಕೂತರು. ಅಕ್ಕ ಕಣ್ಣು ತೆರೆದಳು. ಬಿಸಿಲು ಆಗಲೇ ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು.

"ಹೊತ್ತಾಯ್ತಲ್ಲ, ಅಂಗಡಿಗೆ ಹೋಗಲ್ವಾ?" ಎಂದು ಕೇಳಿದಳು.

ಸತ್ಯ ಹೇಳಿ, ಸತ್ಯ ಹೇಳಿ ಎಂದು ಅಂದು ಜಗಳಕ್ಕೆ ಹೋಗಿದ್ದವಳು ನಾನು. ಈಗ ಗೋಡೆಗೆ ಒರಗಿ ನಿಂತು, ಭಾವ, ಒಂದು ಸುಳ್ಳು ಹೇಳಿ, ಹೋಗ್ತೀನಿ ಅನ್ನಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಭಾವ ಅವಳ ಹಣೆಯ ಕೂದಲು ಸರಿಸಿದರು. "ಇಲ್ಲ" ಎಂದರು. "ಇವತ್ತು ಹೋಗಲ್ಲ."

ಅಕ್ಕ ಅವರ ಮುಖವನ್ನು ನೋಡಿದಳು. ಅವರ ದನಿ ಒಂಚೂರೂ ನಡುಗಿರಲಿಲ್ಲ.

"ಸರಿ ಹಾಗಾದ್ರೆ," ಎಂದಳು, "ಇನ್ನೂ ಸ್ವಲ್ಪ ಹತ್ತಿರ ಬನ್ನಿ."